ಸೀಟಿ ಊದಿದವರ ಹೆಸರು

ಕುರ್ಲಾ
೨೨ ಏಪ್ರಿಲ್ ೧೯೭೪

ಮೋನಪ್ಪ ಮೇಸ್ತ್ರಿಗಳಿಗೆ, ಹೆಂಡತಿ ಮಲ್ಲಕ್ಕ ಬರೆಯುವುದು.

ಹೌದು, ಹೆಸರು ಹಿಡಿದೇ ಬರೆದಿದ್ದೇನೆ.

ಗಣಿಗೆ ನೀರು ನಿಲ್ಲಿಸುವ ಕಲ್ಲುಮಣ್ಣಿನ ಒಡ್ಡು ಕಟ್ಟಲು ನಮ್ಮ ಚಾಳಿನ ಹೆಂಗಸರನ್ನು ಕರೆದೊಯ್ಯುವಾಗ ನೀವು ಕೊಟ್ಟ ಮಾತು: ಕುಡಿಯಲು ನಲ್ಲಿ. ಕೂಸುಗಳಿಗೆ ನೆರಳು. ಡಂಪರ್ ಕಲ್ಲು ಸುರಿಯುವ ಮೊದಲು ಸೀಟಿ. ನಲ್ಲಿ ಬರಲಿಲ್ಲ. ಒಡ್ಡಿನ ಮಣ್ಣು ತೋಯಿಸಲು ಟ್ಯಾಂಕರ್ ಬರುತ್ತಿತ್ತು, ಅದಕ್ಕೆ ಕೊಡ ಹಿಡಿದರೆ ಬೈಗುಳ. ಮಣ್ಣು ಕುಡಿಯಬೇಕು, ನಾವು ನೋಡುತ್ತಾ ನಿಲ್ಲಬೇಕು! ನೆರಳೂ ಇಲ್ಲ. ಕೊನೆಗೆ ಸೀಟಿಯೂ ಇಲ್ಲ.

ಯುಗಾದಿಗೆ ಎಲ್ಲರ ಜೊತೆ ಚಾಳಿಗೆ ಬಂದ ನಾನು ಇಲ್ಲೇ ನಿಂತೆ. ಉಳಿದವರು ನಿಮ್ಮೊಂದಿಗೆ ಒಡ್ಡಿನ ಕೆಲಸಕ್ಕೆ ಮರಳಿದರು. ಮರುದಿನವೇ ಒಡ್ಡಿನ ಬುಡದಲ್ಲಿ ಸಂದಿಗೆ ಸಣ್ಣ ಕಲ್ಲು ತುಂಬುತ್ತಿದ್ದ ಇಂದ್ರಾಬಾಯಿಯ ಮೇಲೆ ಡಂಪರ್ ಸುರಿದ ಬಂಡೆ ಉರುಳಿತು. ಇಲ್ಲಿಯ ಆಸ್ಪತ್ರೆಗೆ ತಂದು ಕಾಲು ಕತ್ತರಿಸಿದರು; ಜೊತೆಯ ಹೆಂಗಸರೂ ಕೆಲಸ ಬಿಟ್ಟು ಬಂದರು. ಸೀಟಿ ಊದಿದರೂ ಆಕೆ ಸರಿಯಲಿಲ್ಲ, ಪರಿಹಾರವಿಲ್ಲ ಎನ್ನುತ್ತದೆ ಕಂಪನಿ. ಯಾರ ಮಾತು ಅದು? ನಿಮ್ಮದು. ಇಂದ್ರಾಬಾಯಿಗೆ ತಿಳಿಸಿದೆ. "ಅಕ್ಕಾ, ನಂದು ಕಾಲು ಹೋಗೇತಿ, ಕಿವಿ ಹೋಗಿಲ್ಲಂತ ನಿನ್ನ ಗಂಡಗ ಬರಿ" ಅಂದಳು. ಬರೆದಿದ್ದೇನೆ.

ನಿನ್ನೆ ನಮ್ಮ ದೂರು ಕೇಳಲು ಕರೆದ ಮಾಟುಂಗದ ಸಭೆಯಲ್ಲಿ ಕಂಪನಿಯ ಸಾಹೇಬರು ಎಲ್ಲ ಗೊತ್ತಿದ್ದೂ ಕೇಳಿದರು, ದೂರು ಯಾರ ಮೇಲೆ, ಹೆಸರು ಹೇಳು ಎಂದು. "ನಮ್ಮ ಮನಿಯವರ ಮ್ಯಾಲರಿ" ಅಂದೆ. ಅದರಾಚೆ ನಾಲಿಗೆ ಏಳಲಿಲ್ಲ. ಉಳಿದ ಹೆಂಗಸರೂ ನನ್ನ ಮುಖ ನೋಡಿ ಸುಮ್ಮನಾದರು. ಹೆಸರಿಲ್ಲದ ದೂರು ದೂರೇ ಅಲ್ಲ, ಬೇಕಾದರೆ ಮುಂದಿನ ವಾರ ಬನ್ನಿ ಎಂದು ಸಾಹೇಬರು ನಗುತ್ತಾ ಎದ್ದರು. ಮೆಟ್ಟಿಲ ಮೇಲೆ ನಮ್ಮ ಚಾಳಿನ ಹಜರತಬಿ ನನ್ನ ಸೆರಗು ಜಗ್ಗಿದಳು: "ಹೆಸರು ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಗ್ತೈತಂತ ಹೆದರ್ತಿ ಹೌದಲ್ಲ? ಇಂದ್ರಾನ ಆಯುಷ್ಯಕ್ಕ ಯಾರು ಹೆದರಬೇಕು?"

ನೀವೂ ತಲೆಯ ಮೇಲೆ ಕಲ್ಲು ಹೊತ್ತವರೇ. ಕೊರಳಿಗೊಂದು ಸೀಟಿ ಬಿದ್ದದ್ದೇ ತಡ, ಸಾಹೇಬರ ಮನುಷ್ಯನಾದಿರಿ. ಊಟಕ್ಕೆ ಏನು ಮಾಡುತ್ತಿದ್ದೀರಿ ಎಂದು ನಾನು ಕೇಳುವುದಿಲ್ಲ.

ಮಲ್ಲಕ್ಕ

ಸಹಿ ಹಾಕಿದ ಮೇಲೆ ಇನ್ನೊಂದು: ಯುಗಾದಿಗೆ ಬಿಟ್ಟುಹೋದ ನಿಮ್ಮ ಅಂಗಿಯನ್ನು ಒಗೆಯಲೆಂದು ಇವತ್ತು ಬೆಳಿಗ್ಗೆ ಗೂಟದಿಂದ ತೆಗೆದೆ. ಅದರಡಿ ನಿಮ್ಮ ಸೀಟಿ ನೇತಾಡುತ್ತಿತ್ತು, ಕಂಪನಿಯ ಮುದ್ರೆ ಸಮೇತ. ಅಲ್ಲಿ ಏನು ಊದಿದಿರಿ, ಬಾಯಿಯಲ್ಲೇ? ಅದನ್ನು ಕೊರಳಿಗೆ ಹಾಕಿಕೊಂಡು ಬರುತ್ತೇನೆ, ಎಲ್ಲರೆದುರು ನಿಮ್ಮ ಹೆಸರು ಹೇಳುತ್ತೇನೆ. ನೀವೂ ಬನ್ನಿ. ಮಾಟುಂಗ, ಈ ಭಾನುವಾರ, ಬೆಳಿಗ್ಗೆ ಹತ್ತಕ್ಕೆ.