ಬಾಜು ಮನೆಯ ಕುರ್ಚಿಗಳು

ಅವ್ವಾ,

ನಿನ್ನ ಮೊಮ್ಮಗಳು ದಾನೇಶ್ವರಿಗೆ ಇಂಜಿನಿಯರಿಂಗ್ ಓದಿಸಲು ಮುಂದೆ ಬಂದಿರುವ ಟ್ರಸ್ಟಿನಿಂದ ಇವತ್ತು ಇಬ್ಬರು ಹೆಣ್ಣುಮಕ್ಕಳು ಯರಗುಪ್ಪಿಗೆ ಬಂದಿದ್ದರು. ನಮ್ಮ ಮನೆಯ ಸ್ಥಿತಿ ನೋಡಬೇಕಂತೆ. ಮನೆಗೆ ನೋಡಲು ಬರುವವರೆಂದರೆ ನನಗೆ ಗೊತ್ತಿದ್ದದ್ದು ಒಂದೇ. ಬಾಜು ಮನೆಯಿಂದ ಕುರ್ಚಿ ತಂದೆ. ಹುಡುಗಿಗೆ ಸೀರೆ ಉಡಿಸಿ ಕಂಬದ ಹತ್ತಿರ ಚಾಪೆಯ ಮೇಲೆ ಕೂಡಿಸಿದೆ. ನೀನಿದ್ದಿದ್ದರೆ ಅವಲಕ್ಕಿಗೆ ನೀನೇ ಒಗ್ಗರಣೆ ಹಾಕುತ್ತಿದ್ದೆ.

ಅವಳು ತಲೆ ತಗ್ಗಿಸಲೇ ಇಲ್ಲ. "ಈ ಕುರ್ಚಿ ನಮ್ಮವಲ್ರಿ. ಕನ್ಯಾ ನೋಡಾಕ ಬಂದಾರ ಅನ್ನೂಹಂಗ ಮಾಡ್ಯಾಳ್ರಿ ನಮ್ಮವ್ವ," ಎಂದಳು.

ಅವರು ನಕ್ಕು, ಕುರ್ಚಿಯಿಂದ ಇಳಿದು ಅವಳ ಚಾಪೆಯ ಮೇಲೆ ಕೂತರು. "ಇಂಜಿನಿಯರ್ ಆಗಿ ಏನ್ ಕಟ್ಟಬೇಕಂತೀ ಯವ್ವಾ?" ಎಂದು ಒಬ್ಬರು ಕೇಳಿದರು.

"ನಮ್ಮ ಹಳ್ಳಕ್ಕೊಂದು ಸೇತುವೆ ರೀ."

ಅವರ ಚಹಾದ ಲೋಟಗಳನ್ನೇ ಕಂಬವಾಗಿಸಿ, ನನ್ನ ಕೈಯ ತಟ್ಟೆ ಇಸಿದುಕೊಂಡು ಮೇಲಿಟ್ಟು, ಎರೆ ಮಣ್ಣು ಬಿರಿದಾಗ ಸೇತುವೆ ಯಾವ ಕಡೆ ವಾಲುತ್ತದೆಂದು ತೋರಿಸಿದಳು. ಅಷ್ಟು ಓದಿದವರು ಬಗ್ಗಿ ಬಗ್ಗಿ ನೋಡುತ್ತಿದ್ದರು. ನಾನು ಬರಿಗೈಯಲ್ಲಿ ಬಾಗಿಲಿಗೆ ಒರಗಿ ನಿಂತಿದ್ದೆ. ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಎನಿಸಿತು.

ನೀನೂ ನನ್ನನ್ನು ಹಾಗೇ ಕಂಬದ ಹತ್ತಿರ ಕೂಡಿಸಿದ್ದೆ. ಬಂದವರು ನನ್ನ ಹೆಸರೊಂದನ್ನೇ ಕೇಳಿದ್ದರು. ಅದನ್ನೂ ನೀನೇ ಹೇಳಿದೆ.