ಜ್ವರವಿಲ್ಲದವಳು ಕೂತ ಬೆಂಚು

ಆಸ್ಪತ್ರೆಯ ಅಧೀಕ್ಷಕರೇ,

ಮಾನ್ಯರೇ ಎಂದು ಶುರುಮಾಡಬೇಕಂತೆ. ಅಷ್ಟು ಮರ್ಯಾದೆ ನನ್ನಲ್ಲಿನ್ನೂ ಉಳಿದಿದೆ, ಆದ್ದರಿಂದ ಮಾನ್ಯರೇ. ಜ್ವರವಿಲ್ಲ ಎಂಬ ಕಾರಣಕ್ಕೆ ನಿಮ್ಮ ತುರ್ತು ವಿಭಾಗ ನನ್ನ ತಂಗಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿತು. ಅವಳು ಸತ್ತುಹೋದಳು. ನನ್ನ ದೂರು ಇಷ್ಟೇ.

ಅವಳು ಶಾಲೆಯ ವ್ಯಾನ್ ಓಡಿಸುತ್ತಿದ್ದಳು. ಮಕ್ಕಳನ್ನು ಬಿಟ್ಟು ನಡುವೆ ಇಳಿಯಬಾರದೆಂದು ಮೂತ್ರ ತಡೆದುಕೊಂಡೇ ಕೂರುತ್ತಿದ್ದಳು. ಸೋಂಕು ಶುರುವಾದದ್ದು ಅಲ್ಲಿಂದ. ಮೈ ಕೆಂಡದ ಹಾಗೆ ಸುಡುತ್ತಿದ್ದ ಜ್ವರ ಒಂದು ಬೆಳಿಗ್ಗೆ ತಾನಾಗಿಯೇ ಇಳಿಯಿತು. ಮನೆಯವರೆಲ್ಲ ಖುಷಿಪಟ್ಟೆವು, ನೋಡಿ! ಆದರೆ ಏದುಸಿರು ನಿಲ್ಲಲಿಲ್ಲ, ಕೈ ಮಂಜುಗಡ್ಡೆಯಾಗಿತ್ತು. ಹೆದರಿ ನಿಮ್ಮಲ್ಲಿಗೆ ಕರೆತಂದೆ.

ನಿಮ್ಮ ಬಾಗಿಲಲ್ಲಿ ಹಣೆಗೆ ಹಿಡಿಯುವ ಯಂತ್ರವಿದೆ. ಜ್ವರವಿದ್ದರೆ ಕೆಂಪು ದೀಪ, ನೇರ ಒಳಗೆ. ಮಿಕ್ಕವರಿಗೆಲ್ಲ ಹಸಿರು. ಮೈ ತೀರ ತಣ್ಣಗಾದರೂ ಹಸಿರೇ.

"ಜ್ವರ ಏನೂ ಇಲ್ಲಮ್ಮ, ಕೂತ್ಕೊಳ್ಳಿ, ಕರೀತಾರೆ" ಎಂದರು ಕಾವಲಿನವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ನೀವು ಹೇಳಿಕೊಟ್ಟದ್ದನ್ನು ಮಾಡಿದರು.

ತಂಗಿ ನಕ್ಕಳು. "ಹಸಿರು ಬಿತ್ತಲ್ಲಣ್ಣ, ಗಾಡಿ ಬಿಡು, ಮನೆಗೆ ಹೋಗೋಣ."

ಸ್ವಲ್ಪ ಹೊತ್ತಿಗೆ ಕೇಳಿದಳು, "ಮಕ್ಕಳೆಲ್ಲ ಇಳಿದ್ರಾ?"

ಬೆಂಚಿನಲ್ಲಿ ನಾವಿಬ್ಬರೇ ಇದ್ದೆವು. ನಾನು ಎದ್ದು ಕೂಗಾಡಿದ ಮೇಲೆ ಒಳಗಿಂದ ಜನ ಓಡಿಬಂದರು.

"ಸೆಪ್ಟಿಕ್ ಶಾಕ್" ಎಂದರು ವೈದ್ಯೆ. "ಸೋಂಕು ಮೈಯೆಲ್ಲ ಹರಡಿ ಬಿಪಿ ಕುಸಿದಿದೆ. ಇಂಥವರಿಗೆ ಜ್ವರಕ್ಕಿಂತ ಮೈ ತಣ್ಣಗಾಗೋದೇ ಹೆಚ್ಚು ಅಪಾಯ, ಸಾರ್."

ಬಿಸಿಗಾಳಿಯ ಹೊದಿಕೆ ಹಾಕಿದರು. ಪಕ್ಕದ ಮಂಚದಲ್ಲಿ ಜ್ವರ ಏರಿದ್ದವರ ಮೈಯನ್ನು ಅದೇ ಕಾಯಿಲೆಗೆ ತಂಪುಮಾಡುತ್ತಿದ್ದರು. ಇದರಿಂದ ಉಳಿಯುತ್ತಾಳಾ ಎಂದು ಕೇಳಿದೆ.

"ಮೈಗೆ ಆಯಾಸ ಕಮ್ಮಿ ಆಗಬಹುದು. ಜೀವ ಉಳಿಸುತ್ತೆ ಅಂತ ನಾನು ಹೇಳಲಾರೆ. ಸೋಂಕಿನ ಔಷಧಿ ಬೇಗ ಹೋಗ್ಬೇಕಿತ್ತು."

ಬೇಗ ಕರೆದಿದ್ದರೆ ಬದುಕುತ್ತಿದ್ದಳೇ? ಅದೂ ಗೊತ್ತಿಲ್ಲವೆಂದರು ಆಕೆ, ಕಣ್ಣು ತಪ್ಪಿಸದೆ. ಆ ಗೊತ್ತಿಲ್ಲವೆಂಬುದೇ ಈಗ ನನ್ನನ್ನು ಒಳಗಿಂದ ತಿನ್ನುತ್ತಿದೆ.

ನಿಮಗೆ ಮಾತ್ರ ಎಲ್ಲವೂ ಗೊತ್ತು. "ರೋಗಿಯ ದೇಹದ ಉಷ್ಣತೆಯನ್ನು ಸಾಮಾನ್ಯ ಮಟ್ಟಕ್ಕೆ ತರಲಾಗಿತ್ತು" ಎಂದು ನಿಮ್ಮ ಕಚೇರಿ ಉತ್ತರಿಸಿದೆ. ನಿಜ, ಮಾನ್ಯರೇ, ತಂದಿರಿ. ಕೊನೆಗೆ ನಾನು ಹಿಡಿದ ಕೈ ಬೆಚ್ಚಗೇ ಇತ್ತು. ಉಷ್ಣತೆ ಸರಿಹೋಯಿತು, ತಂಗಿ ಹೋದಳು. ಇದಕ್ಕೂ ನಿಮ್ಮನ್ನು ಅಭಿನಂದಿಸಬೇಕೇ?

ಆ ಯಂತ್ರ ತಣ್ಣಗಾದ ಮೈಗೂ ಕೆಂಪು ತೋರಿಸುವಂತೆ ಮಾಡಿಸಿ. ಇನ್ನೊಂದು ಬೇಡಿಕೆಯಿದೆ. ನನ್ನ ತಂಗಿ ಪ್ರತಿ ಸಲ ವ್ಯಾನಿನ ಕೊನೆಯ ಸೀಟಿನವರೆಗೂ ನಡೆದು, ಯಾವ ಮಗುವೂ ನಿದ್ದೆಹೋಗಿ ಉಳಿದಿಲ್ಲವೆಂದು ನೋಡದೆ ಬಾಗಿಲು ಹಾಕುತ್ತಿರಲಿಲ್ಲ. ನಿಮ್ಮವರು ಯಾರಾದರೂ ಆ ಬೆಂಚಿನ ಕೊನೆಯವರೆಗೂ ನಡೆಯಲಿ. ಕೂತವರ ಕೈ ಮುಟ್ಟಲಿ, ಮಾತಾಡಿಸಲಿ.

"ಎಲ್ರೂ ಇಳಿದ್ರು ಕಣಮ್ಮ" ಎಂದಿದ್ದೆ ನಾನು. ಅವಳು ನಂಬಿ ಕಣ್ಣು ಮುಚ್ಚಿದ್ದಳು. ಒಬ್ಬಳು ಉಳಿದಿದ್ದಳು, ಮಾನ್ಯರೇ.

ಇಂತಿ,
ಕೂಗಾಡಲು ತಡಮಾಡಿದ ಅಣ್ಣ