ನಮ್ಮೂರಿಗೊಂದು ಸಮುದ್ರ ಮಂಜೂರು ಮಾಡಿ

ಶಾಲೆಗಳ ತಪಾಸಣೆ ಮಾಡುವ ಮಾನ್ಯ ಅಧಿಕಾರಿಗಳೇ,

ಹೋದ ಜುಲೈನಲ್ಲಿ ತಾವು ನೇಸರಗಿ ಸಮೀಪದ ನಮ್ಮ ಶಾಲೆಗೆ ಬಂದು, ಆರನೆಯ ತರಗತಿಯ ಸ್ನೇಹಲ್ ಎಂಬ ಹುಡುಗಿ ಬರೆದ ಜಲಚಕ್ರದ ಚಿತ್ರದ ಮೇಲೆ ಕೆಂಪು ಗೆರೆ ಎಳೆದು ಹೋದಿರಿ. ಆ ಗೆರೆಯ ಬಗ್ಗೆ ನನ್ನ ತಕರಾರಿದೆ. ಪತ್ರ ತಡವಾಯಿತು, ಕ್ಷಮೆಯಿರಲಿ. ಮಳೆಯೇ ತಡವಾಗಿ ಬರುವ ಸೀಮೆ ನಮ್ಮದು.

ಆ ಚಿತ್ರದಲ್ಲಿ ಗುರ್ಜಿ ಇತ್ತು. ಮಳೆ ಕೈಕೊಟ್ಟಾಗ ನಮ್ಮ ಕಡೆ ಮಕ್ಕಳು ರೊಟ್ಟಿ ಹಂಚಿನ ಮೇಲೆ ಸಗಣಿಯಲ್ಲಿ ಮಾಡಿದ ಗುರ್ಜಿ ಎಂಬ ಮಳೆದೇವರ ಗೊಂಬೆಯನ್ನು ಕೂಡಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಹೆಂಗಸರು ಅದರ ಮೇಲೆ ಕೊಡ ನೀರು ಸುರಿಯುತ್ತಾರೆ. ಸ್ನೇಹಲ್ ಬರೆದದ್ದಿಷ್ಟು: ಬಾವಿಯ ನೀರು ಗುರ್ಜಿಯ ಮೇಲೆ, ಗುರ್ಜಿಯ ನೀರು ಓಣಿಯಲ್ಲಿ, ಓಣಿಯ ನೀರು ಬಿಸಿಲಿಗೆ ಆವಿ, ಆವಿ ಮೋಡ, ಮೋಡ ಮಳೆ, ಮಳೆ ಮತ್ತೆ ಬಾವಿಗೆ. ಬಾಣದ ಗುರುತು ಒಂದೂ ತಪ್ಪಿಲ್ಲ. ತಾವು "ಮೂಢನಂಬಿಕೆ. ಸಮುದ್ರ ಎಲ್ಲಿ?" ಎಂದು ಷರಾ ಬರೆದಿರಿ. ಪಾಠ ಮಾಡಿದ ನನಗೂ ಒಂದು ನೋಟಿಸು ದಯಪಾಲಿಸಿದಿರಿ.

"ಸಮುದ್ರ ನಮ್ಮೂರಾಗ ಇಲ್ರಿ ಸರ್, ಬಾವಿ ಐತ್ರಿ" ಎಂದಳು ಸ್ನೇಹಲ್. ಎದುರು ಮಾತಾಡುವ ಹುಡುಗಿ ಎಂದಿರಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ; ಕಣ್ಣೆದುರಿನ ಬಾವಿಗೆ ಸಮುದ್ರದ ಸಾಕ್ಷಿ ಬೇಕೆ? ಆಗ ಯರಗಟ್ಟಿಯಿಂದ ತಮಗಾಗಿ ತರಿಸಿದ ತಣ್ಣನೆಯ ನೀರಿನ ಬಾಟಲಿ ಮೇಜಿನ ಮೇಲೆ ಬೆವರುತ್ತಿತ್ತು. ಗಾಳಿಯ ಆವಿ ಹನಿಯಾಗುವುದನ್ನು ಮೂವತ್ತು ಮಕ್ಕಳು ಕಣ್ಣು ಬಿಟ್ಟು ನೋಡುತ್ತಿದ್ದರು. ತಾವು ಕರವಸ್ತ್ರದಿಂದ ಒರೆಸಿಬಿಟ್ಟಿರಿ. ವಿಜ್ಞಾನದ ಪಾಠಕ್ಕೆ ಅಷ್ಟು ಒಳ್ಳೆಯ ಸಾಧನ ನಮ್ಮ ಶಾಲೆಗೆ ಅದಕ್ಕೂ ಮೊದಲು ಬಂದಿರಲಿಲ್ಲ.

ಗುರ್ಜಿ ಹೊತ್ತರೆ ಮಳೆ ಬರುತ್ತದೆಂದು ನಾನು ಕಲಿಸಿಲ್ಲ. ಸುರಿದ ನೀರು ಎಲ್ಲಿ ಹೋಯಿತು ಎಂದಷ್ಟೇ ಕೇಳಿದ್ದೆ. ಉತ್ತರ ಹುಡುಕಿದವಳು ಅವಳು. ಇದನ್ನು ಅಂದೇ ಹೇಳಬೇಕಾಗಿದ್ದ ನಾನು, ತಮ್ಮೆದುರು "ಹೌದು ಸರ್" ಎಂದು ತಲೆಯಾಡಿಸಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಸ್ನೇಹಲ್ ಪುಸ್ತಕದಲ್ಲಿದ್ದಂತೆಯೇ ಸಮುದ್ರ, ಗುಡ್ಡ, ಸೂರ್ಯ ಬರೆದಳು. ಪೂರ್ತಿ ಅಂಕ ಕೊಟ್ಟೆ. ನಮ್ಮೂರ ಮಳೆ ಇದರಲ್ಲಿ ಎಲ್ಲಿ ಬೀಳುತ್ತದೆ ಎಂದು ಕೇಳಿದೆ.

"ನಮ್ಮೂರು ಇದರಾಗ ಬರಂಗಿಲ್ರಿ ಟೀಚರ್" ಎಂದಳು.

ಆದ್ದರಿಂದ ಎರಡರಲ್ಲಿ ಒಂದು ಮಾಡಿ. ಬರುವ ಜೂನಿನೊಳಗೆ ನಮ್ಮೂರಿಗೊಂದು ಸಮುದ್ರ ಮಂಜೂರು ಮಾಡಿ. ದನ ಮೇಯುವ ಗಾಯರಾಣ ಖಾಲಿಯೇ ಇದೆ. ಅದಾಗದಿದ್ದರೆ ತಾವೇ ಬಂದು, ಆ ಕೆಂಪು ಗೆರೆಯ ಪಕ್ಕ "ಸರಿ" ಎಂದು ಬರೆದು ಚಿತ್ರವನ್ನು ಅವಳ ಕೈಗೆ ಕೊಡಿ. ಬರುವಾಗ ತಣ್ಣನೆಯ ಬಾಟಲಿ ತನ್ನಿ. ಒರೆಸಬೇಡಿ.

ಇಂತಿ,
ತಮ್ಮೆದುರು ತಲೆಯಾಡಿಸಿದ ವಿಜ್ಞಾನ ಶಿಕ್ಷಕಿ,
ವರದಾ